ಸದ್ಯಕ್ಕೆ

ಗೋಡೆ ಒಡೆಯುವುದು ಬರುವ ವರ್ಷ,
ಸೊಸೈಟಿ ಸಾಲ ಬಂದಮೇಲೆ, ಎಂದರು ಇವರು.
ಸದ್ಯಕ್ಕೆ ಒಂದು ಕೋಟು ಹೊಡೆದುಬಿಡು.
ಹಾಸನ ಡಿಪೋದಲ್ಲಿ ಹಳೇ ಬಸ್ಸಿಗೂ ಹಾಗೇ ಮಾಡುತ್ತಾರಂತೆ,
ಎಫ್‌ಸಿಗೆ ಮುಂಚೆ.

ಸದ್ಯಕ್ಕೆ.
ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವಾಗ
ನಮ್ಮಣ್ಣ ಅಂದದ್ದೂ ಅದೇ:
ಸದ್ಯಕ್ಕೆ ಇಷ್ಟು ಸಾಕು, ಊಟಗೀಟ ಆಮೇಲೆ.
ಆ ಆಮೇಲೆಗೆ ಈಗ ಐದು ತಿಂಗಳು.

ಪೆನ್ಷನ್ ಮೊಹಲ್ಲದ ಈ ಅಡುಗೆಮನೆಗೆ
ಪಿಸ್ತಾ ಹಸಿರು ಗೋಡೆ. ಕಂದು ಸನ್ಮೈಕದ ಬಾಗಿಲುಗಳು
ಕಾದ ದೋಸೆಯ ಅಂಚಿನಂತೆ ಎದ್ದಿವೆ.
ಎರಡು ಸಾಲು ಟೈಲ್ಸಿನಲ್ಲಿ ಒಂದೇ ದ್ರಾಕ್ಷಿ ಗೊಂಚಲು,
ಹದಿನಾರು ಸಲ.
ಕಡಪ ಕಲ್ಲಿನ ಕಟ್ಟೆ ಅವಳು ಎತ್ತರಿಸಿದ್ದಂತೆ,
ನನ್ನ ಸೊಂಟಕ್ಕಿಂತ ಮೂರು ಬೆರಳು ಮೇಲೆ.
ಉದ್ದ ಇದ್ದಳೇನೋ. ಕೇಳಿಲ್ಲ.
ಪಾತ್ರೆ ತೊಳೆದು ಬೋರಲು ಹಾಕಿದಾಗಲೆಲ್ಲ
ಚುಕ್ಕಿ ಚುಕ್ಕಿ ಕೊರೆದ ಹೆಸರು ಮೇಲೆ ಬರುತ್ತದೆ: ಸುಗುಣ.
ಪಾತ್ರೆಗೆ ಬಣ್ಣ ಹೊಡೆಯಲಾಗುವುದಿಲ್ಲ.

ಸಾಲಗಾಮೆ ರಸ್ತೆಯ ಅಂಗಡಿಯಲ್ಲಿ ಮುನವ್ವರ್
ಬಣ್ಣದ ಪಟ್ಟಿಗಳನ್ನು ಇಸ್ಪೀಟಿನಂತೆ ಬಿಡಿಸಿಟ್ಟ.
ನಾನು ಬೆಣ್ಣೆ ಅಂದೆ.
ಬಿಂದುಶ್ರೀ, ಹದಿಮೂರು ವರ್ಷ,
ನನ್ನನ್ನು ಏನೆಂದೂ ಕರೆಯದೆ
ಮಾತು ಮುಗಿಸುವ ಜಾಣೆ,
ಬೆರಳಿಟ್ಟದ್ದು ಈರುಳ್ಳಿ ಸಿಪ್ಪೆಯ ಮೇಲೆ.
ಕತ್ತಲೆ ಅನ್ನಿಸಲ್ವ? ಅಂದೆ.
ಸಿಪ್ಪೆ ತಾನೆ, ಅಂದಳು.
ಮುನವ್ವರ್ ನಗುತ್ತ ಎರಡು ಲೀಟರ್ ಕಲಸಿದ.
ಒಂದು ಮಾತು ಮೇಡಂ, ಜಿಡ್ಡು ಪೂರ್ತಿ ತೆಗೀರಿ.
ಎಣ್ಣೆ ಕುಡಿದ ಗೋಡೆ ಯಾರ ಬಣ್ಣಾನೂ ಒಪ್ಪಲ್ಲ.

ಶನಿವಾರ ಸ್ಟವ್ ವರಾಂಡಕ್ಕೆ ಹೋಯಿತು.
ಕಟ್ಟಿನಕೆರೆ ಮಾರ್ಕೆಟ್ಟಿನ ಆಲೂಗಡ್ಡೆ ಮಂಚದಡಿಗೆ.
ಬೇಳೆ ಡಬ್ಬಗಳು ಟಿವಿ ಮುಂದೆ ಸಾಲಾಗಿ ಕೂತವು.
ಸೋಡಾ ನೀರು, ತೆಂಗಿನ ನಾರು, ಉಪ್ಪುಕಾಗದ.
ಉಜ್ಜಿದಷ್ಟೂ ಬಂತು: ಒಗ್ಗರಣೆಯ ಹಳದಿ,
ಎಂದೋ ಸಿಡಿದು ಅಂಟಿದ ಒಂದು ಸಾಸಿವೆ,
ಪಿಸ್ತಾದ ಕೆಳಗೆ ನೀಲಿ, ನೀಲಿಯ ಕೆಳಗೆ ಸುಣ್ಣ.
ಅವಳೂ ಯಾರದೋ ಮೇಲೆ ಹೊಡೆಸಿದ್ದಳು.

ಒಲೆಯ ಬಲಕ್ಕೆ, ಕಿಟಕಿಗಿಂತ ಈಚೆ,
ಅಂಗೈಯಗಲ ಒಂದು ಕಲೆ.
ಅರಿಶಿನದ ಕೈ ಸೆರಗಿಗೆ ಹೋಗದೆ ಗೋಡೆಗೆ ಹೋದದ್ದು,
ಒಂದು ದಿನದ್ದಲ್ಲ.
ನನ್ನ ಕೈ ಅಲ್ಲಿ ನಿಂತಿತು.
ಸ್ಟೂಲಿನಿಂದ ಇಳಿದು ಬಂದ ಹುಡುಗಿ
ಕೊಡಿ ಇಲ್ಲಿ, ಎಂದು ಉಪ್ಪುಕಾಗದ ಕಿತ್ತುಕೊಂಡು
ತಾನೇ ಉಜ್ಜಿದಳು,
ದುಪಟ್ಟಾ ಬಾಯಿಗೆ ಕಟ್ಟಿ, ಹಲ್ಲು ಕಚ್ಚಿ.
ಎಷ್ಟು ಉಜ್ಜಿದರೂ ಹೋಗಲಿಲ್ಲ.
ಕಣ್ಣಲ್ಲಿದ್ದದ್ದು ಧೂಳೋ ಏನೋ, ನಾನು ನೋಡಹೋಗಲಿಲ್ಲ.
ಪ್ರೈಮರ್ ಡಬ್ಬದ ಮುಚ್ಚಳ ಚಮಚದಲ್ಲಿ ಎಬ್ಬಲು ಹೋಗಿ
ಚಮಚ ಬಗ್ಗಿಸಿದೆ.
ಅದರ ಮೇಲೂ ಹೆಸರಿತ್ತು.

ರಾತ್ರಿ ಹತ್ತಕ್ಕೆ ಮೊದಲ ಕೋಟು.
ಇವರು ಶಿಫ್ಟು ಮುಗಿಸಿ ಬಂದು ಬಾಗಿಲಲ್ಲೇ ನಿಂತರು.
ಚೆನ್ನಾಗಿದೆ ಅನ್ನಲಿಲ್ಲ.
ಫ್ರಿಜ್ಜಿನ ಹಿಂದೆ ಹೊಡೆದಿಲ್ವಲ್ಲ, ಅಂದರು.
ಯಾರು ನೋಡ್ತಾರೆ, ಅಂದೆವು, ಇಬ್ಬರೂ ಒಟ್ಟಿಗೆ.
ಅಂದಮೇಲೆ ಬೇರೆ ಬೇರೆ ಕಡೆ ನೋಡಿದೆವು.

ಭಾನುವಾರ ಬಾಗಿಲುಗಳಿಗೆ ಬಿಳಿ ಎನಾಮಲ್.
ಹೊಸ ಹಿಡಿಕೆ ಆರು ಬೇಕಿತ್ತು, ಐದೇ ಸಿಕ್ಕವು.
ಸೋಮವಾರದ ಉಪ್ಪಿಟ್ಟಿಗೆ ಟರ್ಪೆಂಟೈನ್ ವಾಸನೆ.
ಮೂವರೂ ತಿಂದೆವು, ಯಾರೂ ಹೇಳಲಿಲ್ಲ.

ಬುಧವಾರ ಕಲೆ ಮೇಲೆ ಬಂತು.
ಎರಡು ಕೋಟಿನ ಅಡಿಯಿಂದ, ಆತುರವಿಲ್ಲದೆ,
ಕಾಯಿಸಿದ ಹಾಲಿನ ಕೆನೆಯ ಬಣ್ಣ.
ಮುನವ್ವರ್ ಹೇಳಿದ್ದ.
ಇನ್ನೊಂದು ಕೈ ಹೊಡೆಯೋಣವೆಂದು ಅಟ್ಟದಿಂದ ಡಬ್ಬ ಇಳಿಸುತ್ತಿದ್ದೆ,
ಬೇಳೆ ಉಕ್ಕಿತು.
ಓಡಿ ಬಂದು ಉರಿ ತಗ್ಗಿಸಿ,
ಚಮಚ ಕಾಣದೆ ಅರಿಶಿನ ಬೆರಳಲ್ಲೇ ಚಿಮುಕಿಸಿ
ಕೈ ಒರೆಸಿಕೊಂಡೆ.

ನಿಮಗೂ ಅಲ್ಲೇ ಒರೆಸೋ ಅಭ್ಯಾಸಾನಾ?
ಬಾಗಿಲಲ್ಲಿ ಬಿಂದುಶ್ರೀ,
ಯೂನಿಫಾರ್ಮಿನ್ನೂ ಬಿಚ್ಚಿಲ್ಲ.

ತಿರುಗಿ ನೋಡಿದೆ.
ಹಸಿ ಹಳದಿ, ನಾಲ್ಕು ಗೆರೆ,
ಆ ಕಲೆಗಿಂತ ಮೂರು ಬೆರಳು ಕೆಳಗೆ.

ಉಪ್ಪು ಹಾಕಿದ್ರಾ, ಎಂದು ಕೇಳುತ್ತ
ಅವಳು ಡಬ್ಬವನ್ನು ವಾಪಸು ಅಟ್ಟಕ್ಕೆ ತಳ್ಳುತ್ತಿದ್ದಳು.